ಉಚ್ಚೀರಪ್ಪನ ನಗೆ ಹುರಿ

ಒಂಬತ್ತನೆಯ ಕಂತು

"ಕತ್ತರಿಸಿಲ್ಲ," ಎಂದಳು ಬಸಲಿಂಗಮ್ಮ.

ಅವಳ ಮಡಿಲಲ್ಲಿ ಕರಿ ಉಣ್ಣೆಯ ಹುರಿಯೊಂದು ಸುರುಳಿ ಬಿದ್ದಿತ್ತು. ಎರಡು ಮಾರಿಗೂ ಮಿಕ್ಕಿದ ಉದ್ದ, ಮೈತುಂಬ ಗಂಟು. ಎರಡೂ ತುದಿಗಳನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಕತ್ತರಿಯ ಗುರುತಿಲ್ಲ, ಚಾಕುವಿನ ಗುರುತಿಲ್ಲ, ಹಲ್ಲಿನ ಗುರುತೂ ಇಲ್ಲ.

"ಕಳ್ಳ ಕುಂತು ಗಂಟು ಬಿಚ್ಚ್ಯಾನ ಯಮ್ಮಾ. ಕಳವು ಮಾಡಾಕ ಬಂದವ್ಗ ಇಷ್ಟು ಪುರಸೊತ್ತು ಎಲ್ಲಿಂದ ಬಂತು?"

ಎದುರಿಗೆ ಚಾಪೆಯ ಮೇಲೆ ಊರಮ್ಮ ಕೂತಿದ್ದಳು. ಎಪ್ಪತ್ತೊಂಬತ್ತರ ಮುದುಕಿ. ನಾಲ್ಕು ದಿನದ ಹಿಂದೆ, ಸೋಮವಾರ, ಪೆದ್ದಹರಿವಾಣಂನ ಇದೇ ಮನೆಯ ಟ್ರಂಕಿನಿಂದ ಅವಳ ತಂದೆಯ ಒಂದು ನೋಟ್‌ಬುಕ್ಕು ಕಾಣೆಯಾಗಿತ್ತು. ಅದಕ್ಕೆ ಕಟ್ಟಿದ್ದ ಹುರಿ ಮಾತ್ರ ಟ್ರಂಕಿನಲ್ಲೇ ಉಳಿದಿತ್ತು.

ತಂದೆ ಅಂದರೆ ಉಚ್ಚೀರಪ್ಪ. ಕುರಿಗಾರನ ಮಗ. ಆದೋನಿ ಸ್ಟೇಷನ್ನಿನಲ್ಲಿ ಟಿಕೆಟ್ಟಿಲ್ಲದೆ ರೈಲು ಹತ್ತಿ ಮದ್ರಾಸಿಗೆ ಹೋದವನು. ನಾಟಕ ಕಂಪನಿಗಳಿಗೆ ನಗೆ ಕಟ್ಟಿಕೊಟ್ಟು, ಸಿನಿಮಾದವರಿಗೆ ಹಾಸ್ಯದ ತುಣುಕು ಹೇಳಿಕೊಟ್ಟು, ಕೊನೆಗೆ ತಾನೇ ಮೂರು ನಗೆಚಿತ್ರ ನಿರ್ದೇಶಿಸಿದವನು. ಮೊದಲ ಎರಡಕ್ಕೆ ಅವನ ಹೆಸರಿತ್ತು. ಅವುಗಳ ಒಂದಡಿ ರೀಲೂ ಇವತ್ತು ಉಳಿದಿಲ್ಲ. ಉಳಿದದ್ದು ಐವತ್ತೆಂಟರ ಮೂರನೆಯದು, 'ಕುರಿ ಕಾಯೋ ಕಲೆಕ್ಟರ್'. ಅದರ ಮೇಲೆ ದುಡ್ಡು ಹಾಕಿದ ಸಾಹುಕಾರನ ಅಳಿಯನ ಹೆಸರು! ದೇವರಿಗೂ ಹಾಸ್ಯ ಬರುತ್ತದೆ, ಏನು ಮಾಡುವುದು, ಕೆಟ್ಟ ಹಾಸ್ಯ.

ಈಗ ಹೈದರಾಬಾದಿನ ಯಾರೋ ಪುಣ್ಯಾತ್ಮರು ಆ ರೀಲನ್ನು ತೊಳೆದು ಸರಿಪಡಿಸಿದ್ದರು. ಭಾನುವಾರ ಆದೋನಿಯಲ್ಲಿ ಪ್ರದರ್ಶನ. ಅಳಿಯನ ಹೆಸರು ತೆಗೆದು, ನಿಜವಾಗಿ ಬರೆದು ನಿರ್ದೇಶಿಸಿದವನ ಹೆಸರು ಹಾಕುತ್ತೇವೆ, ಸಾಕ್ಷಿ ತನ್ನಿ ಎಂದಿದ್ದರು. ಆ ಒಂದು ಸಾಲಿಗೆ ಇಬ್ಬರ ಪೈಪೋಟಿ. ಒಬ್ಬ ಉಚ್ಚೀರಪ್ಪ, ಇನ್ನೊಬ್ಬ ಅವನ ಸಹಾಯಕನಾಗಿದ್ದ ಗಾದಿಲಿಂಗ. ಇಬ್ಬರೂ ಮಣ್ಣಾಗಿ ಎಷ್ಟೋ ವರ್ಷವಾಗಿದೆ. ಜಗಳ ಮಾತ್ರ ಗಟ್ಟಿಮುಟ್ಟಾಗಿದೆ.

"ಹುರಿ ಕಥಿ ಇನ್ನೊಂದ್ಸಲ ಹೇಳ್ರಿ," ಎಂದಳು ಬಸಲಿಂಗಮ್ಮ. ಪೊಲೀಸ್ ಕೆಲಸ ಬಿಟ್ಟು ಮೂರು ವರ್ಷವಾಗಿತ್ತು, ಅಭ್ಯಾಸ ಬಿಟ್ಟಿರಲಿಲ್ಲ. ಒಂದೇ ಕಥೆಯನ್ನು ಎರಡು ಸಲ ಹೇಳಿಸಿದರೆ ಎರಡನೆಯ ಸಲ ಏನಾದರೂ ಉದುರುತ್ತದೆ.

"ಅಪ್ಪಗ ಅಕ್ಷರ ಬರ್ತಿರ್ಲಿಲ್ಲ. ಆತ ತಿರಿಗ್ಯಾಡ್ತಾ ಹೇಳ್ತಿದ್ದ, ಗಾದಿಲಿಂಗ ಕುಂತು ಬರೀತಿದ್ದ. ಸಿನಿಮಾ ಬಂದ ಮ್ಯಾಲೆ ಅಪ್ಪ ಟೆಂಟಿಗೆ ಹೋಗಿ ಪರದಿಗೆ ಬೆನ್ನು ಮಾಡಿ ಕುಂದ್ರತಿದ್ದ. ಮಂದಿ ಮಾರಿ ನೋಡ್ತಿದ್ದ. ನಕ್ಕರ ಹುರಿಗೆ ಒಂದು ಗಂಟು. ಜೋರು ನಕ್ಕರ ಎರಡು. ಟೆಂಟು ಅಳ್ಳಾಡಿದ್ರ ಮೂರು. ಯಾರೂ ನಗ್ಲಿಲ್ಲ ಅಂದ್ರ ಅಷ್ಟು ದೂರ ಹುರಿ ಬೋಳು. ಒಂದು ಹಾಳಿಗೆ ನಾಕು ಬೆರಳು ಉದ್ದ."

ಗೋಡೆಯ ಮೇಲೆ ಹಳೆಯ ವಾರಪತ್ರಿಕೆಯ ಒಂದು ಪುಟಕ್ಕೆ ಕಟ್ಟು ಹಾಕಿಸಿದ್ದರು. ಅದರ ಫೋಟೋದಲ್ಲಿ ಉಚ್ಚೀರಪ್ಪ ನಿಂತಿದ್ದಾನೆ, ಕಂಕುಳಲ್ಲಿ ನೋಟ್‌ಬುಕ್ಕು, ಅದರ ಮೂಲೆಯ ತೂತಿನಿಂದ ಇಳಿಬಿದ್ದ ಕರಿ ಹುರಿ. ನೋಟ್‌ಬುಕ್ಕು ಸಿಕ್ಕಿ, ಅದರ ಹಾಳಿಗೂ ಹುರಿಯ ಗಂಟಿಗೂ ತಾಳೆಯಾದರೆ ಉಚ್ಚೀರಪ್ಪ ಗೆದ್ದ. ಹುರಿ ಇಲ್ಲದ ನೋಟ್‌ಬುಕ್ಕು ಬರೀ ಗಾದಿಲಿಂಗನ ಕೈಬರಹ.

ಒಂದು ಕಡೆ ಗಂಟುಗಳು ಒತ್ತೊತ್ತಾಗಿ, ಜಾಗವೇ ಇಲ್ಲದಂತೆ ಬಿದ್ದಿದ್ದವು. ಬಸಲಿಂಗಮ್ಮ ಹೆಬ್ಬೆರಳಿನಿಂದ ಸವರಿದಳು.

"ಇಲ್ಲಿ ಯಾಕ ಇಷ್ಟು?"

"ಅದು ಹನ್ನೊಂದಿ ಸೀನು."

ಬಸಲಿಂಗಮ್ಮನಿಗೂ ನಗು ಬಂತು. ಅವಳವ್ವ ಆ ದೃಶ್ಯವನ್ನು ಮಾಡಿ ತೋರಿಸುತ್ತಿದ್ದಳು. ಕುರಿ ಕಾಯುವ ಒಂದು ಹುಡುಗಿ ಹನ್ನೊಂದರ ತನಕ ಎಣಿಸುತ್ತಾಳೆ, ಮುಂದಿನದು ಮರೆತುಹೋಗುತ್ತದೆ, ಎಲ್ಲ ಕುರಿಗಳನ್ನೂ ಹಿಂದಕ್ಕೆ ಎಳೆದು ಮತ್ತೆ ಒಂದರಿಂದ ಶುರು. ಕೊನೆಗೆ ಕುರಿಗಳೇ ಬೇಸತ್ತು ಮಲಗಿಬಿಡುತ್ತವೆ. ಚಿತ್ರ ಮರೆತವರೂ ಈ ಕಡೆ ಆ ಹುಡುಗಿಯ ಹೆಸರು ಮರೆತಿಲ್ಲ. ಯಾರಾದರೂ ಎಣಿಕೆ ತಪ್ಪಿದರೆ ಸಾಕು, ಹನ್ನೊಂದಿ ಎನ್ನುತ್ತಾರೆ.

"ಯಮ್ಮಾ, ಕಳ್ಳ ಈ ಹುರಿ ಯಾಕ ಕತ್ತರಿಸ್ಲಿಲ್ಲ?"

"ಕತ್ತರಿಸ್ತಾರೇನು!" ಊರಮ್ಮ ಬೆಚ್ಚಿದಳು. "ಗಂಟು ಹಾಕಿದ ಹುರಿ ಅಂದ್ರ ಕುರಿ ಲೆಕ್ಕದ ಹುರಿ ಇದ್ದಂಗ. ಕತ್ತರಿಸಿದ್ರ ಹಿಂಡು ಒಡೀತೈತಿ. ನಮ್ಮ ಮನ್ಯಾಗ ಯಾರೂ ಗಂಟಿನ ಮ್ಯಾಲೆ ಕತ್ತರಿ ಇಡಂಗಿಲ್ಲ. ಎಷ್ಟೊತ್ತಾದ್ರೂ ಬಿಚ್ಚತೀವಿ."

ಹೇಳಿ ಮುಗಿಸಿದ ಮೇಲೆ ತಾನು ಏನು ಹೇಳಿದೆನೆಂದು ಅವಳಿಗೇ ಅರ್ಥವಾಯಿತು. ಬಾಯಿಗೆ ಸೆರಗು ಒತ್ತಿಕೊಂಡಳು.

"ಹಂಗಾರ ಕಳ್ಳ ಹೊರಗಿನವ ಅಲ್ಲ. ಸೋಮವಾರ ಈ ಮನಿಗೆ ಯಾರ್ಯಾರು ಬಂದಿದ್ರು?"

"ಎಷ್ಟು ಸಲ ಹೇಳ್ಲಿ? ಮನಿದೇವ್ರ ಪೂಜಿ ಇತ್ತು. ಯಾರೂ ಬಂದಿಲ್ಲ. ನಾನು, ನನ್ನ ಮೊಮ್ಮಗಳು ಹಾರಿಕಾ. ಅಷ್ಟಾ."

ಬಸಲಿಂಗಮ್ಮ ಹುರಿಯನ್ನು ಊರಮ್ಮನ ಕೈಗೇ ಕೊಟ್ಟು, ಜೋಪಾನ ಎಂದು ಹೇಳಿ, ಆದೋನಿಯ ಆಟೋ ಹತ್ತಿದಳು. ಮಂಡಿ ನೋಯುತ್ತಿತ್ತು. ಮನಸ್ಸಿಗೂ ಹಿತವಿರಲಿಲ್ಲ.

* * *

ತಿರುಮಲೇಶ್ ಆದೋನಿಯಲ್ಲಿ ಒಂದು ಫಂಕ್ಷನ್ ಹಾಲಿನ ಮಾಲೀಕ. ಗಾದಿಲಿಂಗನ ಮೊಮ್ಮಗ. ಐವತ್ತು ದಾಟಿದ್ದರೂ ಕೂದಲು ಮಾತ್ರ ಇಪ್ಪತ್ತೈದರಲ್ಲೇ ನಿಂತಿತ್ತು, ಅದೂ ಡಬ್ಬಿಯ ಬಣ್ಣದ ಪುಣ್ಯ. ಹಾಲಿನ ಹಿಂದೆಯೇ ಮನೆ.

"ರಾವಾಲಿ ಮೇಡಂ, ಬರ್ರಿ ಬರ್ರಿ! ಮೊದ್ಲು ಉಗ್ಗಾಣಿ ಬಜ್ಜಿ. ಆಮೇಲೆ ಜಗಳ."

ಅಡಿಗೆಯ ಮುದುಕಿಯೊಬ್ಬಳು ಹೋಟೆಲಿನ ಪೊಟ್ಟಣ ತಂದು ಕಿಟಕಿಯ ಹತ್ತಿರ ಕೂತಳು. ದಾರದ ಗಂಟನ್ನು ಉಗುರಿನಿಂದ ಬಿಡಿಸತೊಡಗಿದಳು. ಬಸಲಿಂಗಮ್ಮನ ಕಣ್ಣು ಮೇಜಿನ ಮೇಲಿತ್ತು. ಅಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ನೋಟ್‌ಬುಕ್ಕು, ಯಾರಪ್ಪನ ಭಯವೂ ಇಲ್ಲದೆ ಕೂತಿತ್ತು.

"ಇದು ಎಲ್ಲಿ ಸಿಕ್ತಪ್ಪಾ?"

"ನಮ್ ತಾತನ ಪೆಟ್ಟಿಗ್ಯಾಗ."

"ಯಾವಾಗ?"

"ಇತ್ತೀಚ್ಗೆ."

"ಸೋಮವಾರ ಆದ ಮ್ಯಾಲೇನು?"

ತಿರುಮಲೇಶ್ ನಕ್ಕ. ಬಸಲಿಂಗಮ್ಮ ಕವರು ತೆಗೆದು ನೋಟ್‌ಬುಕ್ಕಿನ ಮೂಲೆಯನ್ನು ಬೆಳಕಿಗೆ ಹಿಡಿದಳು. ದುಂಡನೆಯ ತೂತು. ತೂತಿನ ಅಂಚಿನಲ್ಲಿ ಕರಿ ಉಣ್ಣೆಯ ಎಳೆಗಳು ಅಂಟಿಕೊಂಡಿದ್ದವು.

"ಇದೇನು?"

"ಇಲಿ ಕಡಿದಿರ್ಬೇಕು."

"ಆದೋನಿ ಇಲಿ ಭಾರಿ ಜಾಣ ಅದಾವ ಬಿಡು. ದುಂಡಗ ಕಡಿದು, ಉಣ್ಣಿ ಬ್ಯಾರೆ ತುಂಬಿ ಹೋಗ್ಯಾವ."

"ಅಜ್ಜೀ, ಕತ್ತರಿ ತಗೋಬಾರ್ದಾ? ಬಜ್ಜಿ ತಣ್ಣಗಾಗ್ತಾವ," ತಿರುಮಲೇಶ್ ಕಿಟಕಿಯ ಕಡೆ ಗದರಿದ. ಮುದುಕಿ ತಲೆ ಎತ್ತಲಿಲ್ಲ. ಅವನು ಈ ಕಡೆ ತಿರುಗಿದಾಗ ಮುಖದಲ್ಲಿ ನಗೆ ಇರಲಿಲ್ಲ.

"ಕೇಳ್ರಿ ಮೇಡಂ. ಉಚ್ಚೀರಪ್ಪ ತಾತಗ ಸೈನ್ ಹಾಕಾಕ ಬರ್ತಿರ್ಲಿಲ್ಲ. ಹೆಬ್ಬೆಟ್ಟು. ಇದ್ರಾಗ ಒಂದೊಂದು ಅಕ್ಷರ ನಮ್ ತಾತಂದು. ಹದಿನಾಕು ವರ್ಷ ಆ ಮನುಷ್ಯನ ಕೊಡಿ ಹಿಡ್ಕೊಂಡು ಮದ್ರಾಸಿನ ಬೀದಿ ತಿರಿಗ್ಯಾನ. ಒಂದು ಪೋಸ್ಟರಿನ್ಯಾಗ ಆತನ ಹೆಸರು ಬಂತಾ? ಒಂದು ಫೋಟೋದಾಗ ಆತನ ಮಾರಿ ಬಂತಾ? ಬಾಯ್ಲೆ ಆಡಿದ್ದು ಗಾಳಿಗೆ ಹೋತು. ಕೈಲೆ ಬರೆದದ್ದು ಉಳೀತು. ಕೋರ್ಟಿಗೆ ಹೋಗ್ರಿ ಬೇಕಾದ್ರ, ಕೈಬರಹ ಕೇಳ್ತಾರ, ಬಾಯಿಬರಹ ಕೇಳಲ್ಲ."

ಬಸಲಿಂಗಮ್ಮ ನೋಟ್‌ಬುಕ್ಕನ್ನು ಮತ್ತೆ ಕವರಿಗೆ ಹಾಕಿ ಮೇಜಿನ ಮೇಲಿಟ್ಟಳು. ಮೂವತ್ತನಾಲ್ಕು ವರ್ಷ ಅವಳು ಹಿಡಿದ ಕಳ್ಳರೆಲ್ಲ ಯಾರ್ಯಾರದೋ ಹೆಸರಿನಲ್ಲಿ ಪೇಪರಿಗೆ ಬಂದಿದ್ದರು. ಫೋಟೋದಲ್ಲಿ ಅವಳು ಸದಾ ತುದಿಯಲ್ಲಿ, ಅರ್ಧ ಕತ್ತರಿಸಿಹೋದ ಒಂದು ಭುಜ. ಈ ಬಣ್ಣದ ತಲೆಯವನ ಮೇಲೆ ಅವಳಿಗೆ ಬೇಡದ ಮರುಕ ಬಂತು, ಬಂದದ್ದಕ್ಕೆ ಸಿಟ್ಟೂ ಬಂತು.

"ಹನ್ನೊಂದಿ ಸೀನು ನಿಮ್ಮ ತಾತಗ ಎಲ್ಲಿಂದ ಹೊಳೀತು? ಆತ ಕುರಿ ಕಾದವ ಅಲ್ಲಲ್ಲ."

"ಅಯ್ಯೋ, ಅದಾ!" ತಿರುಮಲೇಶ್ ಎದ್ದೇ ನಿಂತ. ಕಣ್ಣು ಮೆಳ್ಳಗೆ ಮಾಡಿ, ನಾಲಿಗೆ ತುದಿ ಹೊರಗೆ ಚಾಚಿ, ಬೆರಳು ಮಡಿಸುತ್ತ ಶುರು ಮಾಡಿದ. "ಒಂಬತ್ತು... ಹತ್ತು... ಹನ್ನೊಂದು... ಆಮ್ಯಾಲೆ... ಆಮ್ಯಾಲೆ... ಒಂದು!"

ತನ್ನ ಹಾಸ್ಯಕ್ಕೆ ತಾನೇ ಬಿದ್ದು ಬಿದ್ದು ನಕ್ಕ. ಬಸಲಿಂಗಮ್ಮನ ತುಟಿಯೂ ಸಡಿಲಿತು, ಸುಳ್ಳೇಕೆ ಹೇಳಲಿ.

ಕಿಟಕಿಯ ಹತ್ತಿರ ಮುದುಕಿಯ ಬೆರಳು ಒಂದು ಗಳಿಗೆ ನಿಂತಿತು. ಗಂಟು ಅಷ್ಟರಲ್ಲಿ ಬಿಚ್ಚಿತ್ತು. ದಾರವನ್ನು ಬೆರಳಿಗೆ ಸುತ್ತಿ ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡು, ತಟ್ಟೆಗಳನ್ನು ಮುಂದಿಟ್ಟು, ಯಾರ ಮುಖವನ್ನೂ ನೋಡದೆ ಒಳಗೆ ಹೋದಳು. ಕಿವಿ ಕೇಳಿಸುವುದಿಲ್ಲವೇನೋ ಅಂದುಕೊಂಡಳು ಬಸಲಿಂಗಮ್ಮ.

"ಟಿಫಿನ್ ಮಾಡ್ರಿ. ಭಾನುವಾರ ನೀವೂ ಬರ್ಬೇಕು," ಎಂದು ತಿರುಮಲೇಶ್ ಒಂದು ಆಮಂತ್ರಣ ಪತ್ರ ಕೈಗಿಟ್ಟ.

ಮಿರಿಮಿರಿ ಕಾಗದ. ಮೇಲೆ ಚಿತ್ರದ ಹೆಸರು, ಕೆಳಗೆ 'ರಚನೆ, ನಿರ್ದೇಶನ: ಗಾದಿಲಿಂಗ' ಎಂದು ದಪ್ಪ ಅಕ್ಷರ. ಬಸಲಿಂಗಮ್ಮನ ಕಣ್ಣು ನಿಂತದ್ದು ಅಲ್ಲಲ್ಲ, ಕಟ್ಟಕಡೆಯ ಸಾಲಿನಲ್ಲಿ.

'ನಿರೂಪಣೆ: ಹಾರಿಕಾ, ಪೆದ್ದಹರಿವಾಣಂ.'

ಬಜ್ಜಿ ಬಾಯಿಗೆ ಹೋಗಲಿಲ್ಲ.

* * *

ಊರಮ್ಮ ಆಮಂತ್ರಣ ಪತ್ರವನ್ನು ತಲೆಕೆಳಗಾಗಿ ಹಿಡಿದಿದ್ದಳು. ಓದು ಅವಳಿಗೂ ಬಾರದು. ಬಸಲಿಂಗಮ್ಮನೇ ಕೊನೆಯ ಸಾಲು ಓದಿ ಹೇಳಬೇಕಾಯಿತು. ಹೇಳುವಾಗ ತನ್ನ ನಾಲಿಗೆಯ ಮೇಲೇ ಅವಳಿಗೆ ಬೇಸರ ಬಂತು.

"ಟ್ರಂಕಿನ ಕೀಲಿ ಎಲ್ಲಿರ್ತೈತಿ ಅಂತ ಹಾರಿಕಾಗ ಗೊತ್ತು. ಗಂಟು ಕತ್ತರಿಸಬಾರ್ದು ಅಂತನೂ ಗೊತ್ತು. ಮಂಗಳವಾರದಿಂದ ಆಕಿ ಆ ತಿರುಮಲೇಶನ ಹಾಲಿಗೆ ಪ್ರಾಕ್ಟೀಸಿಗೆ ಹೋಗ್ಲಿಕತ್ಯಾಳಂತ, ಆತನಾ ಹೇಳಿದ. ನಿಮ್ಗ ಹೇಳ್ಯಾಳೇನು?"

"ಕಂಪ್ಯೂಟರ್ ಕ್ಲಾಸಿಗೆ ಹೊಂಟೀನಿ ಅಂದ್ಲು."

ಸಂಜೆಯಾಗುತ್ತಿತ್ತು. ಅಂಗಳದ ಒಲೆಯಲ್ಲಿ ನೀರು ಕಾಯುತ್ತಿತ್ತು. ಊರಮ್ಮ ಗೋಡೆಯ ಮೇಲಿನ ಫೋಟೋ ನೋಡಿದಳು.

"ಪೊಲೀಸ್ ಕೇಸ್ ಆಕ್ಕೈತೇನು ಬಸಮ್ಮ?"

"ನೋಟ್‌ಬುಕ್ಕು ನಿಮ್ದು ಅಂತ ಭಾನುವಾರ ತೋರಿಸಿದ್ರ, ಹೆಂಗ ಅಲ್ಲಿಗೆ ಹೋತು ಅಂತ ಕೇಳ್ತಾರ. ಹೇಳ್ಬೇಕಾಕ್ಕೈತಿ."

"ಆಕಿ ಅವ್ವ ಅಪ್ಪ ಹೋದ ಮ್ಯಾಲೆ ಆಕಿನ್ನ ನಾನಾ ಸಾಕೀನಿ. ಇಪ್ಪತ್ತೆರಡು ವರ್ಷ. ಜೈಲಿಗೆ ಹಾಕಾಕ ಸಾಕೀನೇನು?"

ಹಾಗೆಂದವಳೇ ಊರಮ್ಮ ಎದ್ದಳು. ಎಪ್ಪತ್ತೊಂಬತ್ತರ ಮೈಯಲ್ಲಿ ಅಷ್ಟು ಚುರುಕು ಇದೆಯೆಂದು ಬಸಲಿಂಗಮ್ಮ ಊಹಿಸಿರಲಿಲ್ಲ. ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಹುರಿಯನ್ನು ಹಿರಿದು ಒಲೆಗೆ ಹಾಕಿಬಿಟ್ಟಳು.

"ಯಮ್ಮಾ!"

ಬಸಲಿಂಗಮ್ಮ ಕಟ್ಟಿಗೆ ಎಳೆದಳು, ಕೈ ಸುಟ್ಟುಕೊಂಡಳು, ನೀರು ಚೆಲ್ಲಿದಳು. ಸಿಕ್ಕಿದ್ದು ಒಂದು ಹಿಡಿ ಕರಕಲು. ಉಣ್ಣೆ ಸುಟ್ಟ ಕಮಟು ಅಂಗಳವೆಲ್ಲ ತುಂಬಿತು. ಟೆಂಟಿನಲ್ಲಿ ನಕ್ಕಿದ್ದ ಆ ಅಷ್ಟೂ ಜನರ ನಗೆ, ಒಂದು ಬೋಸಿ ನೀರು ಕಾಯುವಷ್ಟರಲ್ಲಿ ಮುಗಿದಿತ್ತು.

"ಹೋಗ್ಲಿ ಬಿಡು," ಎಂದಳು ಊರಮ್ಮ. "ಅಪ್ಪ ಸತ್ತಾನ. ಸತ್ತವ್ಗ ಹೆಸರು ಯಾಕ? ಆ ಗಾದಿಲಿಂಗನ ಹೆಸರಾ ಬರ್ಲಿ. ನನ್ನ ಕೂಸು ಉಳೀಲಿ."

ಆ ಹೊತ್ತಿಗೆ ಹಾರಿಕಾ ಬಂದಳು. ಹೆಗಲಲ್ಲಿ ಬ್ಯಾಗು, ಕೈಯಲ್ಲಿ ಚಪ್ಪಲಿ. ಮೂಗು ಮುಚ್ಚಿಕೊಂಡು, "ಏನು ಸುಟ್ಟಿದ್ದು ಅಜ್ಜಿ?" ಎಂದಳು.

ಒಲೆಯ ಮುಂದಿನ ಕರಕಲು, ನೆಲಕ್ಕೆ ಬಿದ್ದಿದ್ದ ಆಮಂತ್ರಣ ಪತ್ರ ನೋಡಿ ಅವಳಿಗೇ ಎಲ್ಲ ಗೊತ್ತಾಯಿತು.

"ಹುರಿ? ಹುರಿ ಸುಟ್ರಾ?" ಅವಳು ಕೂಗಿದ ರೀತಿಗೆ ಪಕ್ಕದ ಮನೆಯ ನಾಯಿ ಬೊಗಳಿತು. "ನಾ ಯಾಕ ಆ ನಿರೂಪಣಿ ಒಪ್ಕೊಂಡೆ ಅಂತ ಕೇಳಿದ್ರಾ? ಭಾನುವಾರ ಮೈಕು ನನ್ನ ಕೈಯಾಗ ಇರ್ತಿತ್ತು ಅಜ್ಜಿ! ಎಲ್ಲಾರ ಮುಂದ, ಹೈದರಾಬಾದಿನವ್ರ ಮುಂದ, ಈ ಹುರಿ ಎತ್ತಿ ಹಿಡಿದು, ಆ ನೋಟ್‌ಬುಕ್ಕಿನ ತೂತಿಗೆ ಪೋಣಿಸಿ ತೋರಿಸ್ತಿದ್ದೆ. ಇದು ನಮ್ಮ ಮುತ್ತಾತಂದು ಅಂತ. ನಿಮ್ಗ ಮೊದ್ಲಾ ಹೇಳಿದ್ರ ಊರೆಲ್ಲಾ ಸಾರಿಬಿಡ್ತೀರಿ ಅಂತ ಹೇಳ್ಲಿಲ್ಲ."

"ನೋಟ್‌ಬುಕ್ಕು ನೀ ತಗೊಂಡಿಲ್ಲೇನು?" ಎಂದಳು ಊರಮ್ಮ.

"ನನ್ನ ಮನಿದು ನಾನಾ ಕದೀತೀನಾ?"

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರೆ. ಇಲ್ಲಿ ತುತ್ತನ್ನು ತಾವೇ ಒಲೆಗೆ ಹಾಕಿ ಬೂದಿ ಮಾಡಿಯಾಗಿತ್ತು. ಊರಮ್ಮ ನೆಲಕ್ಕೆ ಕುಸಿದು ಎರಡೂ ಕೈಯಿಂದ ತಲೆ ಹಿಡಿದುಕೊಂಡಳು. ತಪ್ಪು ತನ್ನದು ಎಂದು ಬಸಲಿಂಗಮ್ಮನಿಗೆ ಗೊತ್ತಿತ್ತು. ಒಂದು ಆಮಂತ್ರಣ ಪತ್ರ ನೋಡಿ, ಹಾರಿಕಾಳನ್ನು ಒಂದು ಮಾತು ಕೇಳದೆ, ಮುದುಕಿಯ ಎದೆಗೆ ಕೊಳ್ಳಿ ಇಟ್ಟಿದ್ದಳು. ಅಂಗೈಯ ಬೊಬ್ಬೆಗಿಂತ ಅದು ಹೆಚ್ಚು ಉರಿಯಿತು.

ಹಾಗಾದರೆ ಗಂಟು ಬಿಚ್ಚಿದವರು ಯಾರು? ಈ ಮನೆಯಲ್ಲಿ ಹುಟ್ಟಿದವರೇ ಆಗಬೇಕು.

ಗಂಟು ಬಿಚ್ಚಿದವರು...

ಬಸಲಿಂಗಮ್ಮ ಸುಟ್ಟ ಕೈಯನ್ನು ಹಾಗೇ ಹಿಡಿದು ನಿಂತಳು. ಕಿಟಕಿಯ ಹತ್ತಿರ ಕೂತು, ಬೈಸಿಕೊಂಡರೂ ಕತ್ತರಿ ಮುಟ್ಟದ ಒಂದು ಜೋಡಿ ಕೈ ಅವಳ ಕಣ್ಣಿಗೆ ಕಟ್ಟಿತು.

"ಯಮ್ಮಾ, ಸೋಮವಾರ ಪೂಜಿಗೆ ಯಾರೂ ಬಂದಿಲ್ಲ ಅಂದ್ರಿ. ಹೊರಗಿನವ್ರು ಬ್ಯಾಡ. ಮನಿಯವ್ರು ಯಾರು ಬಂದಿದ್ರು?"

"ಮನಿಯವ್ರು ಬಂದ್ರ ಬಂದಂಗೇನು?" ಊರಮ್ಮ ಅಳುತ್ತಲೇ ರೇಗಿದಳು. "ಸುಂಕಿ ಬಂದಿದ್ಲು. ನಮ್ಮ ಚಿಗಪ್ಪನ ಮಗಳು ಸುಂಕಮ್ಮ. ಪೂಜಿಗೆ ಮನಿ ಮಗಳು ಬರ್ದೆ ಇರ್ತಾಳೇನು? ಬಂದ್ಲು, ಕೈ ಮುಗಿದ್ಲು, ಉಂಡ್ಲು, ಹೋದ್ಲು."

"ಆಕಿ ಎಲ್ಲಿರ್ತಾಳ?"

"ಆದೋನ್ಯಾಗ. ಯಾರ್ದೋ ಮನ್ಯಾಗ ಅಡಿಗಿ ಮಾಡ್ಕೊಂಡು ಅದಾಳ."

"ಯಾರ ಮನ್ಯಾಗ?"

ಎಷ್ಟೋ ವರ್ಷದಿಂದ ಊರಮ್ಮ ಅದನ್ನು ಕೇಳಿಯೇ ಇರಲಿಲ್ಲ.

"ಆಕಿ ಲಗ್ನ?" ಬಸಲಿಂಗಮ್ಮ ಮೆಲ್ಲಗೆ ಕೇಳಿದಳು.

"ಯಾರು ಮಾಡ್ಕೋತಾರ? ನೋಡಾಕ ಬಂದವ್ರೆಲ್ಲಾ ಪಡಸಾಲ್ಯಾಗ ಕುಂತು ನಗ್ತಿದ್ರು. ಎಣಿಸವಾ ಒಂದ್ಸಲ, ಕೇಳೋಣು ಅಂತಿದ್ರು." ಊರಮ್ಮ ಸೆರಗಿನಿಂದ ಮುಖ ಒರೆಸಿದಳು. ದನಿ ಇಳಿಯಿತು. "ಹನ್ನೊಂದಿ ಅಂದ್ರ ಆಕಿನಾ, ಬಸಮ್ಮ."

ಹಾರಿಕಾ ಚಪ್ಪಲಿ ಕೆಳಗೆ ಬಿಟ್ಟಳು.

"ಆಕಿಗೆ ನೂರರ ತನಕ ಬರ್ತಿತ್ತು. ನನಗಿಂತ ಚೊಲೋ ಎಣಿಸ್ತಿದ್ಲು. ಒಂದು ದಿನ ತಪ್ಪಿದ್ಲು. ಒಂದಾ ದಿನ. ಆಕಿ ಅವ್ವ ಸತ್ತ ದಿನ. ಹತ್ತು ವರ್ಷದ ಕೂಸು, ಹೆಣದ ಮುಂದ ಬ್ಯಾಡ ಅಂತ ಕುರಿ ಹಿಂದ ಕಳಿಸಿದ್ರು. ಸಂಜಿಗೆ ದೊಡ್ಡಿ ಬಾಗ್ಲಾಗ ನಿಂತು ಹನ್ನೊಂದಕ್ಕ ನಿಲ್ಲೂದು, ಮತ್ತ ಒಂದು ಅನ್ನೂದು. ಅಪ್ಪ ಮದ್ರಾಸಿಂದ ಮಣ್ಣಿಗೆ ಬಂದಿದ್ದ. ಅಲ್ಲೇ ನಿಂತು ನೋಡಿದ." ಅವಳು ಫೋಟೋದ ಕಡೆ ತಿರುಗಲಿಲ್ಲ. "ಮರು ವರ್ಷ ಸಿನಿಮಾ ಬಂತು. ನಾವು ಆಕಿನ್ನೂ ಕರ್ಕೊಂಡು ಟೆಂಟಿಗೆ ಹೋಗಿದ್ವಿ. ಎಲ್ಲಾರೂ ನಕ್ಕರು. ನಾನೂ ನಕ್ಕೆ."

ಬೆಳಗ್ಗೆ ಹೆಬ್ಬೆರಳಿನಿಂದ ಸವರಿದ್ದ ಆ ಒತ್ತೊತ್ತು ಗಂಟುಗಳು ಬಸಲಿಂಗಮ್ಮನಿಗೆ ನೆನಪಾದವು. ಮಧ್ಯಾಹ್ನ ಆ ಮುದುಕಿಯ ಎದುರಿಗೇ ತಾನೂ ತುಟಿ ಸಡಿಲಿಸಿದ್ದು ನೆನಪಾಯಿತು. ಉಗಿಯಬೇಕೆನಿಸಿತು, ಯಾರ ಮೇಲೆ ಎಂದು ತಿಳಿಯಲಿಲ್ಲ.

ಫೋನು ಬಡಿದುಕೊಂಡಿತು. ತಿರುಮಲೇಶ್. ದನಿಯಲ್ಲಿ ಮಧ್ಯಾಹ್ನದ ಗತ್ತು ಇರಲಿಲ್ಲ.

"ಮೇಡಂ, ನೋಟ್‌ಬುಕ್ಕು ಇಲ್ಲ. ಅಡಿಗಿ ಅಜ್ಜಿನೂ ಇಲ್ಲ. ನಿಮ್ಗ ನಿಜ ಹೇಳ್ತೀನಿ, ಸೋಮವಾರ ಅದನ್ನ ಆಕಿನಾ ತಂದುಕೊಟ್ಟಿದ್ಲು. ದುಡ್ಡು ಬ್ಯಾಡ ಅಂದ್ಲು. ಉಚ್ಚೀರಪ್ಪನ ಹೆಸರು ಬರ್ದಂಗ ಮಾಡು ಸಾಕು ಅಂದ್ಲು. ಇವತ್ತು ನೀವು ಹೋದ ಮ್ಯಾಲೆ ನನ್ನ ಎದುರಿಗೆ ಬಂದು ನಿಂತು, ನೀನೂ ಅದನ್ನಾ ಮಾಡ್ತಿ ಏನೋ, ಅಂದ್ಲು. ನನಗ ಅರ್ಥ ಆಗ್ಲಿಲ್ಲ ಮೇಡಂ."

"ಎಲ್ಲಿಗೆ ಹೋದ್ಲು?"

"ಗೊತ್ತಿಲ್ಲ. ಅಡಿಗಿಮನಿ ಕಟ್ಟಿ ಮ್ಯಾಲೆ ಹಾಳಿ ಹರಿದು ಸಾಲಾಗಿ ಇಟ್ಟು ಹೋಗ್ಯಾಳ. ಉಳಿದ ನೋಟ್‌ಬುಕ್ಕು ಆಕಿ ಜತಿಗೆ ಹೋಗೈತಿ."

"ಎಷ್ಟು ಹಾಳಿ?"

ಅವನು ಎಣಿಸುವುದು ಫೋನಿನಲ್ಲಿ ಕೇಳಿಸಿತು. ಒಂದು, ಎರಡು, ಮೂರು. ಅಂಗಳದಲ್ಲಿ ಮೂವರು ಹೆಂಗಸರೂ ಫೋನಿನ ಸುತ್ತ ಬಾಗಿ ಕೇಳಿದರು. ಒಂಬತ್ತು. ಹತ್ತು.

"ಹನ್ನೊಂದು," ಎಂದ ತಿರುಮಲೇಶ್.